ಧರ್ಮಕ್ಕೆ ಸಿಕ್ಕಿದ ಕೋವಿ

ರಾತ್ರಿಯೆಲ್ಲ ಮೊಬೈಲಿನಲ್ಲಿ ಗುಂಡು ಹಾರಿಸಿ, ಮರುದಿನ ತರಗತಿಯಲ್ಲಿ ತೂಕಡಿಸುವ ಹುಡುಗರಿಗೆ ನಾವು ಬುದ್ಧಿ ಹೇಳುತ್ತ ಬಂದು ಎಷ್ಟೋ ವರ್ಷಗಳಾದವು. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಇದೇ ಉಪದೇಶ ನಡೆದಿರುವಾಗ ಹಿಂದಿನ ಬೆಂಚಿನಿಂದ, “ಸಾರ್, ನೀವು ಒಮ್ಮೆಯಾದರೂ ಆಡಿ ನೋಡಿದ್ದೀರಾ?” ಎಂಬ ಪ್ರಶ್ನೆ ಬಂತು. ಕೇಳಿದವನಲ್ಲಿ ಉದ್ಧಟತನವಿರಲಿಲ್ಲ. ನಾವು ಆಡಿರಲಿಲ್ಲ. ಓದದ ಪುಸ್ತಕದ ಬಗ್ಗೆ ಅಭಿಪ್ರಾಯ ಬರೆಯಬಾರದೆಂದು ಅದೇ ತರಗತಿಯಲ್ಲಿ ಹೇಳಿದ್ದವರು ನಾವೇ. ಆ ದಿನ ಪಾಠ ಮುಂದುವರಿಸುವುದು ಸ್ವಲ್ಪ ಕಷ್ಟವಾಯಿತು.

ರಜೆಯಲ್ಲಿ ತಂಗಿಯ ಮನೆಗೆ ಹೋದಾಗ ಈ ವಿಷಯ ಬಂತು. ಎಂಜಿನಿಯರಿಂಗ್ ಓದುತ್ತಿದ್ದ ಅವಳ ಮಗ, “ಮಾವ, ಈ ವಾರ ರೇನ್‌ಬೋ ಸಿಕ್ಸ್ ಸೀಜ್ ಧರ್ಮಕ್ಕೆ ಉಂಟು. ಭಾನುವಾರ ರಾತ್ರಿವರೆಗೆ. ನೀವೇ ಕೂತು ನೋಡಿ” ಎಂದ. ಇದು ಕೆಲವು ವರ್ಷಗಳ ಹಿಂದಿನ ಮಾತು. ದುಡ್ಡು ಕೊಟ್ಟು ಕೊಳ್ಳಬೇಕಾದ ಆಟವನ್ನು ಕಂಪೆನಿಯವರು ಆಗಾಗ ಮೂರು ನಾಲ್ಕು ದಿನ ಯಾರು ಬೇಕಾದರೂ ಆಡಲಿ ಎಂದು ಬಿಟ್ಟುಕೊಡುತ್ತಿದ್ದರು. (2025ರ ಜೂನ್‌ನಿಂದ ಆ ಆಟದ ಪ್ರವೇಶವೇ ಪುಕ್ಕಟೆಯಾಗಿದೆ.) ಯುರೋಪಿನ ವರ್ಗೀಕರಣದಲ್ಲಿ ಅದು ಹದಿನೆಂಟು ತುಂಬಿದವರ ಆಟ. ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ನಮ್ಮ ಅನುಭವವನ್ನೇ ತಮ್ಮದೆಂದು ಇಟ್ಟುಕೊಂಡರೆ ಸಾಕು.

ಇಂಥ ಆಟದಲ್ಲಿ ಪರದೆಯೇ ನಮ್ಮ ಕಣ್ಣು. ನಮ್ಮ ಮುಖ ನಮಗೆ ಕಾಣುವುದಿಲ್ಲ. ಮುಂದೆ ಚಾಚಿದ ಎರಡು ಕೈ, ಒಂದು ಕೋವಿ, ಅಷ್ಟೇ. ಉಳಿದವರೆಲ್ಲ ಎಲ್ಲೆಲ್ಲೋ ಕುಳಿತ ನಿಜವಾದ ಮನುಷ್ಯರು. ಈ ಬಗೆಯ ಆಟ ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 1973ರ ಸುಮಾರಿಗೆ ಅಮೇರಿಕದ ನಾಸಾ ಏಮ್ಸ್ ಕೇಂದ್ರದಲ್ಲಿ ವಿದ್ಯಾರ್ಥಿಗಳು ಎರಡು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ, ಗೆರೆಗಳಿಂದ ಮೂಡಿದ ಓಣಿಗಳಲ್ಲಿ ಒಬ್ಬರನ್ನೊಬ್ಬರು ಬೇಟೆಯಾಡಿದ್ದರು. ಮೇಜ್ ವಾರ್ ಎಂದು ಅದರ ಹೆಸರು.

ರುಚಿ ತೋರಿಸಿ ಮಾರುವುದೂ ಹಳೆಯ ಕ್ರಮವೇ. 1993ರ ಡಿಸೆಂಬರ್ 10ರಂದು ಡೂಮ್ ಎಂಬ ಆಟ ಹೊರಟಾಗ ಅದರ ಮೂರು ಭಾಗಗಳಲ್ಲಿ ಮೊದಲನೆಯದನ್ನು ಐಡಿ ಸಾಫ್ಟ್‌ವೇರ್ ಎಂಬ ಸಣ್ಣ ಸಂಸ್ಥೆ ಪುಕ್ಕಟೆಯಾಗಿ ಹಂಚಿತು. ಪ್ರತಿ ತೆಗೆದು ಸ್ನೇಹಿತರಿಗೂ ಕೊಡಬಹುದಿತ್ತು. ಮುಂದಿನ ಎರಡು ಭಾಗ ಬೇಕಾದವರು ಹಣ ಕಳುಹಿಸಬೇಕು. ಹಲಸಿನ ಒಂದು ಸೊಳೆ ಕೊಟ್ಟು ಹಣ್ಣು ಮಾರುವಂತೆ. ಈಗಿನವರು ಮಾತ್ರ ಇಡೀ ಹಣ್ಣನ್ನೇ ಕೈಗಿತ್ತು, ಭಾನುವಾರ ರಾತ್ರಿ ಕಸಿದುಕೊಳ್ಳುತ್ತಾರೆ.

ಆಟವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದರಲ್ಲೇ ಮೊದಲ ರಾತ್ರಿ ಮುಗಿಯಿತು. ಸೀಜ್ 2015ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ತಯಾರಾದದ್ದು. ಐವರು ಒಂದು ಕಟ್ಟಡವನ್ನು ಕಾಯಬೇಕು, ಐವರು ಒಳನುಗ್ಗಬೇಕು. ಕಾಯುವವರಿಗೆ ಸಿದ್ಧತೆಗೆ ಮುಕ್ಕಾಲು ನಿಮಿಷದಷ್ಟು ಹೊತ್ತು. ಗೋಡೆಗೆ ತಗಡು ಬಿಗಿಯಬಹುದು, ಬಾಗಿಲು ಅಡ್ಡಗಟ್ಟಬಹುದು. ಅಷ್ಟರಲ್ಲಿ ಎದುರಾಳಿಗಳು ಇಲಿಯಂಥ ಚಕ್ರದ ಯಂತ್ರಗಳನ್ನು ಒಳಗೆ ಓಡಿಸಿ ಯಾರೆಲ್ಲಿದ್ದಾರೆಂದು ನೋಡುತ್ತಾರೆ. ಗೋಡೆ ಒಡೆಯುತ್ತದೆ, ಮಾಳಿಗೆಯ ನೆಲ ತೂತಾಗುತ್ತದೆ. ಒಮ್ಮೆ ಸತ್ತರೆ ಆ ಸುತ್ತು ಮುಗಿಯುವ ತನಕ ಮತ್ತೆ ಜೀವವಿಲ್ಲ. ಉಳಿದವರ ಆಟವನ್ನು ಕ್ಯಾಮೆರಾಗಳಲ್ಲಿ ನೋಡುತ್ತ ಕೂರಬೇಕು. ನಾವು ಹೆಚ್ಚು ಹೊತ್ತು ಕಳೆದದ್ದು ಹೀಗೆ ಪ್ರೇತರೂಪದಲ್ಲಿಯೇ. ಆದರೆ ನಮಗೆ ಕಲಿಕೆಯಾದದ್ದೂ ಆಗಲೇ. ನುರಿತವರು ಗುಂಡು ಹಾರಿಸುವುದು ಕಡಮೆ, ಕಿವಿಗೊಟ್ಟು ನಿಲ್ಲುವುದು ಹೆಚ್ಚು.

ಒಂದು ಸುತ್ತಿನಲ್ಲಿ ನಮ್ಮ ಪಕ್ಷದವನೊಬ್ಬ ಮಲಯಾಳದಲ್ಲಿ, “ಚೇಟ್ಟಾ, ವಲತ್ತ್, ವಲತ್ತ್!” ಎಂದು ಕೂಗಿದ. ಅಲ್ಲಿಯ ‘ವ’ ನಮ್ಮಲ್ಲಿ ‘ಬ’ ಆಗುವುದನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಬಲಕ್ಕೆ ಎಂದು ಹೊಳೆದು ತಿರುಗುವಷ್ಟರಲ್ಲಿ ಬಲಗಡೆಯವನು ಕೆಲಸ ಮುಗಿಸಿದ್ದ.

ಇನ್ನೊಂದು ಸಲ ನಾವು ಗೋಡೆಯ ಮರೆಗೆ ಪೂರ್ತಿ ಸರಿದ ಮೇಲೆಯೇ ಸತ್ತೆವು. ಇದು ಮೋಸವೆಂದು ನಮಗೆ ಸಿಟ್ಟು ಬಂತು. ಅಳಿಯ ನಕ್ಕು ವಿವರಿಸಿದ. ಹತ್ತು ಜನರ ಆಟವನ್ನು ದೂರದಲ್ಲಿರುವ ಒಂದು ಸರ್ವರ್ ಯಂತ್ರ ನಡೆಸುತ್ತದೆ. ನಾವು ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಹೋಗಿ, ತೀರ್ಪು ಮರಳಿ ಬರಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ. ಯಂತ್ರ ಮೂರು ಸಾವಿರ ಕಿಲೋಮೀಟರು ದೂರದಲ್ಲಿದ್ದರೆ ಹೋಗಿಬರಲು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂವತ್ತು ಪಾಲು ಬೇಕೇ ಬೇಕು. ನಡುವಿನ ಕಟ್ಟೆಗಳನ್ನು ದಾಟುವಾಗ ಅದು ಎರಡು ಮೂರು ಪಟ್ಟಾಗುವುದೂ ಉಂಟು. ಜಾತ್ರೆಯ ದಿನ ದೂರದ ಗದ್ದೆಯಲ್ಲಿ ಗರ್ನಾಲಿನ ಬೆಳಕು ಕಂಡ ಮೇಲೆ ಸದ್ದು ಕೇಳುವುದಿಲ್ಲವೇ, ಹಾಗೆಯೇ ಪರದೆಯಲ್ಲಿ ಕಾಣುವ ಎದುರಾಳಿ ಈಗಿನವನಲ್ಲ, ತುಸು ಹಿಂದಿನವನು. ಗುರಿಯಿಟ್ಟವನಿಗೆ ಇದರಿಂದ ಅನ್ಯಾಯವಾಗಬಾರದೆಂದು ಸರ್ವರ್ ಕಾಲವನ್ನು ಅಷ್ಟೇ ಹಿಂದಕ್ಕೆ ತಿರುಗಿಸಿ, ಅವನು ಗುಂಡು ಹಾರಿಸಿದಾಗ ಕಂಡದ್ದೇನೆಂದು ನೋಡಿ ತೀರ್ಪು ಕೊಡುತ್ತದೆ. ವಾಲ್ವ್ ಸಂಸ್ಥೆಯ ಯಾನ್ ಬರ್ನಿಯರ್ 2001ರಲ್ಲಿ ಈ ಉಪಾಯವನ್ನು ವಿವರವಾಗಿ ಬರೆದಿದ್ದಾರೆ. ಅವನ ಕಣ್ಣಿಗೆ ನಾವು ಇನ್ನೂ ಬಾಗಿಲಲ್ಲೇ ಇದ್ದೆವು. ಹೀಗೆ ನಾವು ಸತ್ತದ್ದು ನ್ಯಾಯವಾಗಿಯೇ ಎಂದಾಯಿತು.

ಆದರೂ ಕಂಪೆನಿ ಇಷ್ಟು ಉದಾರ ಏಕೆ? ಕಾದಂಬರಿಯನ್ನು ಒಬ್ಬನೇ ಓದಬಹುದು. ಈ ಆಟಕ್ಕೆ ಹತ್ತು ಜನ ಬೇಕು, ಅದೂ ಈಗಲೇ, ಹತ್ತಿರದ ಸರ್ವರಿನಲ್ಲಿ, ಹೆಚ್ಚುಕಡಮೆ ಸಮಬಲದವರು. ಜನ ಸೇರದಿದ್ದರೆ ದುಡ್ಡು ಕೊಟ್ಟು ಕೊಂಡವನೂ ಕಾದು ಕಾದು ಎದ್ದು ಹೋಗುತ್ತಾನೆ. ಪುಕ್ಕಟೆ ದಿನಗಳಲ್ಲಿ ಹೊಸಬರು ನುಗ್ಗಿ ಅಂಗಳ ತುಂಬುತ್ತಾರೆ. ಹಾಗಾಗಿ ನಾವು ಬರೇ ಗಿರಾಕಿಯಲ್ಲ, ಹಣ ಕೊಟ್ಟವರ ಮುಂದೆ ಇಟ್ಟ ಸರಕೂ ಹೌದು. ಲಗೋರಿಗೆ ಜನ ಸಾಲದಾಗ ಬೇಲಿಯ ಹೊರಗೆ ನಿಂತ ಹುಡುಗನನ್ನು ಕೈಹಿಡಿದು ಕರೆದಂತೆ ಇದು. ಆ ಹುಡುಗನಿಗೂ ಖುಷಿಯೇ ಎಂಬುದನ್ನು ಮರೆಯುವಂತಿಲ್ಲ.

ನಮಗೂ ಖುಷಿಯಾಗಿತ್ತು. ಇದನ್ನು ಬರೆಯದೆ ಬಿಟ್ಟರೆ ಹುಡುಗನ ಪ್ರಶ್ನೆಗೆ ಸುಳ್ಳುತ್ತರ ಕೊಟ್ಟಂತೆ. ಶನಿವಾರ ಒಂಬತ್ತು ಗಂಟೆಗೆ ಕುಳಿತವರು “ಇದೊಂದು ಸುತ್ತು” ಎಂದುಕೊಳ್ಳುತ್ತ ಗಡಿಯಾರ ನೋಡಿದಾಗ ಎರಡೂಕಾಲು. ಸುತ್ತುಗಳು ಸಣ್ಣವು, ಮುಗಿದ ಕೂಡಲೇ ಇನ್ನೊಂದು ತಾನಾಗಿ ಸಿದ್ಧವಾಗುತ್ತದೆ, ಸೋತವನಿಗೆ ಸೇಡು, ಗೆದ್ದವನಿಗೆ ಹುರುಪು. ತಂಗಿ ಎದ್ದು ಬಂದು, “ಅಣ್ಣಾ, ನೀನೂ ಹೀಗೆಯಾ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಎರಡನೆಯ ಪೀರಿಯಡ್ಡಿನಲ್ಲಿ ತೂಕಡಿಸುವ ಆ ಹುಡುಗರ ಮುಖಗಳು ನೆನಪಾದವು.

ಭಾನುವಾರ ರಾತ್ರಿ ಆಟ ನಿಂತಿತು. ‘ಆಡು’ ಎಂದಿದ್ದಲ್ಲಿ ಈಗ ಬೆಲೆ ಇತ್ತು, ರಿಯಾಯಿತಿಯೊಂದಿಗೆ. ಇದುವರೆಗೆ ಗಳಿಸಿದ್ದೆಲ್ಲ ಕೊಂಡರೆ ಹಾಗೆಯೇ ಉಳಿಯುತ್ತದೆಂಬ ಆಶ್ವಾಸನೆ ಬೇರೆ. ನಾವು ಗಳಿಸಿದ್ದೇನೂ ಹೆಚ್ಚಿರಲಿಲ್ಲ. ಆದರೂ ಅದನ್ನು ಬಿಟ್ಟು ಏಳಲು ಮನಸ್ಸು ಅಳುಕಿತೆಂಬುದು ನಿಜ. “ಅಳಿಸಲಾ ಮಾವ?” ಎಂದು ಅಳಿಯ ಕೇಳಿದ. ಅಳಿಸು ಎಂದೆವು.

ಶಾಲೆ ತೆರೆದ ಮೇಲೆ ಹಿಂದಿನ ಬೆಂಚಿನವನಿಗೆ ಎಲ್ಲವನ್ನೂ ಹೇಳಿದೆವು, ಎರಡೂಕಾಲು ಗಂಟೆಯದನ್ನೂ ಸೇರಿಸಿ. ಅವನಿಗೆ ತಿಳಿಯಬೇಕಿದ್ದುದು ಒಂದೇ.

“ಎಷ್ಟು ಜನರನ್ನು ಹೊಡೆದಿರಿ ಸಾರ್?”

ಒಬ್ಬನನ್ನು. ಅವನು ನಮ್ಮ ಪಕ್ಷದವನೇ ಆಗಿದ್ದ.