ಬೋರಿಂಗು ನೀರಿನಲ್ಲಿ ಬಂದ ಪಾಷಾಣ

ದೇವದುರ್ಗದಿಂದ ಸುರಪುರದ ಕಡೆ ಹೊರಟರೆ ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಬೇಕು. ಆಚೆ ದಡ ಯಾದಗಿರಿ ಜಿಲ್ಲೆ. ಅಲ್ಲಿನ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲುಗಳಲ್ಲಿ ಆಣಿಯಂಥ ಗಂಟುಗಳು ಎದ್ದವು. ಮೈಮೇಲೆ ಮಳೆಹನಿ ಬಿದ್ದಂತೆ ಚುಕ್ಕೆಗಳು ಮೂಡಿದವು. ಅದು ಬರೀ ಚರ್ಮರೋಗವಾಗಿರಲಿಲ್ಲ, ಆರ್ಸೆನಿಕ್ ಎಂಬ ಪಾಷಾಣ ಮೈಗೆ ಇಳಿದ ಗುರುತಾಗಿತ್ತು.

ಇದರ ಬೇರು ಚಿನ್ನದಲ್ಲಿದೆ. ಹಟ್ಟಿ, ಮಸ್ಕಿ, ಮಂಗಳೂರು (ಸುರಪುರದ ಹತ್ತಿರದ ಊರು, ಕರಾವಳಿಯದಲ್ಲ), ಈ ಸೀಮೆಯ ಹಸಿರು ಶಿಲೆಯ ಪಟ್ಟಿಗಳಲ್ಲಿ ಜನ ಹಿಂದಿನಿಂದಲೂ ಬಂಗಾರ ಹುಡುಕಿದ್ದಾರೆ. ಮಸ್ಕಿಯಲ್ಲಿ ಅಶೋಕನ ಹೆಸರು ಕೊರೆದ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಇಂಥ ಹಸಿರು ಶಿಲೆಯಲ್ಲಿ ಹಲವೆಡೆ ಚಿನ್ನದ ಜೊತೆಗೇ ಆರ್ಸೆನಿಕ್ ಬೆರೆತ ಖನಿಜವೂ ಇರುತ್ತದೆ. ನೆಲದಾಳದಲ್ಲಿ ಅದು ಹೆಚ್ಚೂಕಮ್ಮಿ ಸುಮ್ಮನಿರುತ್ತದೆ. ಅದಿರನ್ನು ಮೇಲೆ ತಂದು ಹಿಟ್ಟಿನಂತೆ ಅರೆದು, ಚಿನ್ನ ತೆಗೆದುಕೊಂಡು ಉಳಿದ ಪುಡಿಮಣ್ಣನ್ನು ಗುಡ್ಡೆ ಹಾಕಿದರೆ ಗಾಳಿ, ಮಳೆ ತಾಗಿ ವಿಷ ಬಿಡುತ್ತದೆ.

ಇನ್ನೊಂದು ಕಡೆ ಬೋರಿಂಗು ಬಂತು. ಅದು ಬಂದದ್ದೂ ಆರೋಗ್ಯದ ಹೆಸರಿನಲ್ಲೇ ಎಂಬುದು ಮನಸ್ಸನ್ನು ಕಲಕುತ್ತದೆ. ಮೆಟ್ಟಿಲ ಬಾವಿಗಿಳಿದು ಕೊಡ ತುಂಬುತ್ತಿದ್ದ ಕಾಲದಲ್ಲಿ ನಾರುಹುಣ್ಣು ಈ ಭಾಗದ ಜನರನ್ನು ಹಿಂಡಿತ್ತು. ಅದನ್ನು ಓಡಿಸಲು ಕೈಪಂಪು ಬೇಕಿತ್ತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಘೋಷಣೆಯಾಯಿತು. ಆದರೆ ಬೋರಿಂಗು ಎತ್ತಿದ ಬಂಡೆಯೊಳಗಿನ ನೀರಿನ ಬಣ್ಣ, ವಾಸನೆ, ರುಚಿ ಯಾವುದರಲ್ಲೂ ವಿಷದ ಸುಳಿವಿರಲಿಲ್ಲ.

ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಈ ಸೀಮೆಯಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆ 1993ರಿಂದ ಹೇಳುತ್ತಿರುವ ಮಿತಿ ಅದು. ಅತಿ ಹೆಚ್ಚೆಂದರೆ 303 ಸಿಕ್ಕಿತು. ತಪಾಸಣೆಗೆ ಬಂದ 181 ಮಂದಿಯಲ್ಲಿ ನೂರಕ್ಕೆ 58.6 ಜನರ ಚರ್ಮದಲ್ಲಿ ಗುರುತು ಇತ್ತು. ನನಗೆ ಹೆಚ್ಚು ಭಯವಾದದ್ದು ಮಣ್ಣಿನ ಲೆಕ್ಕ ಓದಿದಾಗ: 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು. ಬಂಡೆಯ ಪಾಲೆಷ್ಟು, ಗಣಿಯ ಪಾಲೆಷ್ಟು ಎಂಬುದು ಆ ಅಧ್ಯಯನದಲ್ಲಿ ತೀರ್ಮಾನವಾಗಲಿಲ್ಲ. ಆದರೆ ಕೂಸು ಅಂಬೆಗಾಲಿಡುವುದು ಆ ಮಣ್ಣಿನ ಮೇಲೆಯೇ.

ಆದ್ದರಿಂದ ಇಂಥ ಜಾಗ ಸ್ವಚ್ಛ ಮಾಡುವಾಗ ಯಾವುದು ಮೊದಲು ಎಂಬುದು ಜೀವದ ಪ್ರಶ್ನೆ. ಮೊದಲು ನೀರು ಬದಲಾಗಬೇಕು. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ದಟ್ಟವಾಗುತ್ತದೆ. ಫಿಲ್ಟರ್ ಹಾಕಿದರೆ ಅದರಲ್ಲಿ ಕೂಡುವ ಕೆಸರೇ ವಿಷ, ಅದನ್ನು ಊರ ಹೊರಗೆ ಸುರಿಯುವ ಹಾಗಿಲ್ಲ. ನಂತರ ಜನರ ತಪಾಸಣೆ, ಅದೂ ವರ್ಷಗಟ್ಟಲೆ, ಯಾಕೆಂದರೆ ನೀರು ಬಿಟ್ಟ ಮೇಲೂ ಕ್ಯಾನ್ಸರಿನ ಅಪಾಯ ಬಹುಕಾಲ ಉಳಿಯುತ್ತದೆ. ಗುಡ್ಡೆಗೆ ಸಲಿಕೆ ಹಾಕುವುದು ಇವೆಲ್ಲ ಶುರುವಾದ ಮೇಲೆ. ಆಗಲೂ ಮಣ್ಣು ಒದ್ದೆ ಮಾಡಿಕೊಂಡು, ಲಾರಿಗೆ ತಾಡಪತ್ರಿ ಮುಚ್ಚಿಕೊಂಡು. ಕೆಲಸಗಾರ ದೂಳು ಹಿಡಿದ ಬಟ್ಟೆಯನ್ನು ಮನೆಗೆ ಒಯ್ಯದಂತೆ ಸ್ನಾನಕ್ಕೆ ಅಲ್ಲಿಯೇ ಏರ್ಪಾಡು ಇರಬೇಕು.

ಕೋಲಾರದ ಕೆಜಿಎಫ್‌ನಲ್ಲಿ ಈ ಮಾತಿಗೆ ಈಗ ತುರ್ತು ಬಂದಿದೆ. ಅಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ. ಜನ ಸೈನೈಡ್ ದಿಬ್ಬ ಎನ್ನುವ 13 ಗುಡ್ಡೆಗಳಿಂದ ಮತ್ತೆ ಚಿನ್ನ ತೆಗೆಯಲು 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಬೇಸಿಗೆ ಗಾಳಿಗೆ ಆ ದೂಳು ಮನೆಯೊಳಗೆ ಬರುವುದನ್ನು ಆ ಊರು ಬಲ್ಲದು.

ನಮ್ಮ ಕಡೆ ಫ್ಲೋರೈಡ್ ಮಾತು ದೇವದುರ್ಗ, ಮಾನ್ವಿಗಳಿಗೆ ಹೊಸದಲ್ಲ. ಆರ್ಸೆನಿಕ್ ಪರೀಕ್ಷೆಯೂ ಪ್ರತಿ ಬೋರಿಂಗಿಗೆ ಆಗಬೇಕು. ಬಾಂಗ್ಲಾದೇಶದಲ್ಲಿ ವಿಷದ ಪಂಪಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಆದರೆ ಹಸಿರು ಬಣ್ಣದ್ದು ದೂರವಿದ್ದರೆ, ಬಿಸಿಲಲ್ಲಿ ಖಾಲಿ ಕೊಡ ಹಿಡಿದ ಹೆಣ್ಣುಮಗಳು ಕೆಂಪು ಪಂಪಿನ ಮುಂದೆಯೇ ನಿಲ್ಲುತ್ತಾಳೆ.