ಕಾರಿನಲ್ಲಿ ಒಂದು ಸುತ್ತು, ಸೈಕಲ್ಲಿನಲ್ಲಿ ಒಂದು ಸುತ್ತು

ಬರುವ ಭಾನುವಾರಕ್ಕೆ ನಿಮಗೊಂದು ಕೆಲಸ ಹೇಳುತ್ತೇನೆ. ನೀವಿರುವ ಬಡಾವಣೆಯನ್ನು ಮೊದಲು ಕಾರಿನಲ್ಲಿ ಒಂದು ಸುತ್ತು ಹಾಕಿ. ಕಾರಿಲ್ಲದವರಿಗೆ ಆಟೋ ಆದರೂ ನಡೆದೀತು. ಆಮೇಲೆ ಅದೇ ದಾರಿಯನ್ನು ಸೈಕಲ್ಲಿನಲ್ಲಿ ಸುತ್ತಿ ಬನ್ನಿ. ಆರೋಗ್ಯದ ಅಂಕಣದಲ್ಲಿ ಇದೇನು ಪ್ರವಾಸದ ಮಾತು ಎನ್ನಬೇಡಿ. ನಮ್ಮ ಊರುಗಳು ಬೆಳೆದ ರೀತಿಗೂ ನಮ್ಮ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೂ ಹತ್ತಿರದ ನಂಟಿದೆ.

ಕುಷ್ಟಗಿಯನ್ನೇ ತೆಗೆದುಕೊಳ್ಳಿ. ಊರು ಹಳೆಯ ಓಣಿಗಳಷ್ಟೇ ಇದ್ದಾಗ ಸಂತೆ, ಶಾಲೆ, ಗುಡಿ, ಹಿಟ್ಟಿನ ಗಿರಣಿ ಎಲ್ಲವೂ ಕಾಲಳತೆಯಲ್ಲಿದ್ದವು. ಹಿಂದೆ 13 ಎಂಬ ಸಂಖ್ಯೆಯಿದ್ದು ಈಗ 50 ಆಗಿರುವ ರಾಷ್ಟ್ರೀಯ ಹೆದ್ದಾರಿ ನಾಲ್ಕು ಪಥದ್ದಾಯಿತು. ಸುತ್ತಲಿನ ಹೊಲಗಳು ಎನ್.ಎ. ಪ್ಲಾಟುಗಳಾದವು. ಗದಗ-ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ರೈಲೂ ಬಂತು. ಇವೆಲ್ಲ ಬೇಕಾದವೇ. ಆದರೆ ಮನೆ ದೂರ ಹೋದಂತೆ ಕಾಲಿನ ಕೆಲಸವನ್ನು ಗಾಡಿ ಕಿತ್ತುಕೊಂಡಿತು. ಮೊನ್ನೆ ಬಂದ ಹಿರಿಯರೊಬ್ಬರು ಹೇಳಿದ್ದು: "ಹಳೀ ಮನ್ಯಾಗ ಇದ್ದಾಗ ದಿನಾ ಬಜಾರಕ್ಕ ನಡಕೊಂಡು ಹೋಗ್ತಿದ್ದೆ ಸಾಹೇಬ್ರ. ಈಗ ಮಗ ಸೈಕಲ್ ಮೋಟರ್ ಮ್ಯಾಲೆ ಕರಕೊಂಡು ಹೋಗಿ ಕರಕೊಂಡು ಬರ್ತಾನ್ರಿ." ಮಗನ ಪ್ರೀತಿಯಲ್ಲಿ ಕೊರತೆಯಿಲ್ಲ. ಅವರ ಗುಳಿಗೆಯೂ ಬದಲಾಗಿಲ್ಲ, ಊಟವೂ ಬದಲಾಗಿಲ್ಲ. ಸಕ್ಕರೆ ಮಾತ್ರ ಏರಿದೆ.

ಕಾರಣ ಸರಳ. ನಡೆಯುವಾಗ, ಪೆಡಲ್ ತುಳಿಯುವಾಗ ತೊಡೆಯ ದೊಡ್ಡ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಇದಕ್ಕೆ ಇನ್ಸುಲಿನ್ನಿನ ಅಪ್ಪಣೆಗಾಗಿ ಅವು ಪೂರ್ತಿ ಕಾಯುವುದಿಲ್ಲ. ಸಾಧಾರಣ ವೇಗದಲ್ಲಿ ಸೈಕಲ್ ತುಳಿದರೆ ಸುಮ್ಮನೆ ಕುಳಿತಾಗಿನ ನಾಲ್ಕರಿಂದ ಆರು ಪಟ್ಟು ಶಕ್ತಿ ಖರ್ಚಾಗುತ್ತದೆ. ಕಾರಿನಲ್ಲಿ ಕುಳಿತವನಿಗೂ ಮನೆಯ ಕುರ್ಚಿಯಲ್ಲಿ ಕುಳಿತವನಿಗೂ ಹೆಚ್ಚು ವ್ಯತ್ಯಾಸವಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಲು, ತರಕಾರಿ, ದಿನಸಿಗೆಂದು ದಿನಾ ಇಪ್ಪತ್ತೈದು ನಿಮಿಷ ಸೈಕಲ್ ತುಳಿದರೆ ಆರು ದಿನಕ್ಕೆ ಲೆಕ್ಕ ಮುಗಿಯಿತು. ಜಿಮ್ಮಿಗೆ ದುಡ್ಡು ಕಟ್ಟಬೇಕಿಲ್ಲ.

ಇನ್ನು ನಿಮ್ಮ ಭಾನುವಾರದ ಸುತ್ತು. ಕಾರಿನ ಗಾಜಿನೊಳಗಿಂದ ನಿಮಗೆ ಕಾಣುವುದು ಹೊಸ ಮನೆಗಳ ಬಣ್ಣ, ಅಂಗಡಿಗಳ ಬೋರ್ಡು, ಅಷ್ಟೆ. ಸೈಕಲ್ ಮೇಲಾದರೆ ಮೂಗು, ಕಿವಿ, ಮೊಣಕಾಲು ಎಲ್ಲವೂ ಊರನ್ನು ನೋಡುತ್ತವೆ. ಮುಚ್ಚಳವಿಲ್ಲದ ಗಟಾರ ಎಲ್ಲಿದೆ, ಕಟ್ಟುತ್ತಿರುವ ಮನೆಯ ತೊಟ್ಟಿಯಲ್ಲಿ ನೀರು ಎಷ್ಟು ದಿನದಿಂದ ನಿಂತಿದೆ, ಪಂಕ್ಚರ್ ಅಂಗಡಿಯ ಹಳೆಯ ಟೈರುಗಳಲ್ಲಿ ಮಳೆನೀರು ಇದೆಯೇ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ನಿವೇಶನ ಹೊಸದಾದಷ್ಟೂ ಇಂಥ ತೊಟ್ಟಿಗಳು ಹೆಚ್ಚು. ಇದು ನನ್ನ ಅನುಭವ.

ಅದಕ್ಕಿಂತ ಮುಖ್ಯವಾಗಿ, ಭಯವೂ ಗೊತ್ತಾಗುತ್ತದೆ. ಕಾರಿನಲ್ಲಿ ಹೋಗುವಾಗ ಹೆದ್ದಾರಿಯನ್ನು ದಾಟಿದ್ದೇ ನೆನಪಿರುವುದಿಲ್ಲ. ಸೈಕಲ್ ಹಿಡಿದು ಅಂಚಿನಲ್ಲಿ ನಿಂತು ನೋಡಿ. ಶಾಲೆಯ ಮಗು, ಕೋಲು ಹಿಡಿದ ಅಜ್ಜಿ ಇಲ್ಲಿ ಹೇಗೆ ದಾಟುತ್ತಾರೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಪಾದಚಾರಿಗೆ ಗುದ್ದಿದಾಗ ಇರುವ ಸಾವಿನ ಅಪಾಯ, ವೇಗ 65 ಕಿ.ಮೀ. ಆದರೆ ನಾಲ್ಕೂವರೆ ಪಟ್ಟು ಆಗುತ್ತದೆ. ಹದಿನೈದು ಕಿ.ಮೀ. ವ್ಯತ್ಯಾಸ ಸ್ಟೇರಿಂಗ್ ಹಿಡಿದವನಿಗೆ ತಿಳಿಯುವುದೇ ಇಲ್ಲ.

ಸೈಕಲ್ ಮೋಟರ್ ಬಿಡಿ ಎಂದು ನಾನು ಹೇಳಲಾರೆ. ಹನುಮಸಾಗರಕ್ಕೋ ತಾವರಗೇರಾಕ್ಕೋ ಹೋಗಿ ಬರುವವರಿಗೆ ಅದೇ ಗತಿ. ಆದರೆ ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು ಪೊಲೀಸರನ್ನು ಕಂಡಾಗ ತಲೆಗೇರಿಸುವ ಜಾಣತನ ಏಕೆ? ಸರಿಯಾಗಿ ಪಟ್ಟಿ ಬಿಗಿದ ಹೆಲ್ಮೆಟ್ ತಲೆಯ ಗಾಯದ ಅಪಾಯವನ್ನು ಸುಮಾರು ಶೇ 69ರಷ್ಟು ತಗ್ಗಿಸುತ್ತದೆ. ಹಿಂದೆ ಕುಳಿತ ಹೆಂಡತಿಗೂ, ಮುಂದೆ ನಿಲ್ಲಿಸಿಕೊಂಡ ಮಗುವಿಗೂ ತಲೆ ಒಂದೇ ಇರುವುದು.

ಸರ್ಕಾರ 2006-07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಅಂಥದೊಂದು ನಿಮ್ಮ ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿರಬಹುದು. ಟ್ಯೂಬು, ಬ್ರೇಕು ಸರಿಮಾಡಿಸಿದರೆ ಸಾಕು. ಸೀಟನ್ನು ಮಾತ್ರ ಎತ್ತರಿಸಿಕೊಳ್ಳಿ: ಪೆಡಲ್ ಕೆಳಗೆ ಬಂದಾಗ ಮೊಣಕಾಲು ತುಸುವೇ ಮಡಿಚಿರಬೇಕು. ತೀರ ತಗ್ಗಿದ ಸೀಟಿನಿಂದ ಮಂಡಿನೋವು ಬರುತ್ತದೆ. ದೋಷವನ್ನು ಜನ ಸೈಕಲ್ಲಿನ ಮೇಲೆ ಹೊರಿಸುತ್ತಾರೆ.

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ನಿಡಶೇಸಿ ಕೆರೆಯ ಕಡೆಗೆ ಹೊರಟರೆ ಗಾಳಿಯೂ ಚೆನ್ನ. 2019ರಲ್ಲಿ ಜನರೇ ಮುಂದೆ ನಿಂತು ಹೂಳೆತ್ತಿದ ಕೆರೆ ಅದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಜೇಬಿನಲ್ಲಿ ಎರಡು ಚಮಚ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಇಳಿದು ಕೂಡಲೇ ಬಾಯಿಗೆ ಹಾಕಿಕೊಳ್ಳಿ. ಕಾಲಿನ ಸ್ಪರ್ಶ ಕಡಿಮೆಯಾದವರು ಚಪ್ಪಲಿ ಬಿಟ್ಟು ಬೂಟು ಹಾಕಿ, ಮನೆಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳಿ. ಎದೆ ಹಿಡಿದಂತಾದರೆ, ನೋವು ಎಡಗೈಗೋ ದವಡೆಗೋ ಇಳಿದರೆ ಅಲ್ಲೇ ನಿಂತು 108ಕ್ಕೆ ಫೋನ್ ಮಾಡಿಸಿ. ಮೊದಲೇ ಹೃದಯದ ತೊಂದರೆ ಇರುವವರು ವೈದ್ಯರಿಗೆ ತೋರಿಸಿಕೊಂಡ ನಂತರವೇ ಸೈಕಲ್ ಹತ್ತಬೇಕು.

ಹೊರಡುವಾಗ ಒಂದು ಚೀಟಿ, ಪೆನ್ನು ಜೊತೆಗಿರಲಿ. ತೆರೆದ ಗಟಾರ, ನಿಂತ ನೀರು, ಉಬ್ಬು ಬೇಕಾದ ತಿರುವು, ದೀಪವಿಲ್ಲದ ಕಂಬ ಎಲ್ಲಿವೆ ಎಂದು ನಾಲ್ಕೈದು ಸಾಲು ಬರೆದುಕೊಳ್ಳಿ. ಸೋಮವಾರ ಅದರ ಒಂದು ಪ್ರತಿಯನ್ನು ಪುರಸಭೆಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.