ದಂತವೈದ್ಯ ಪ್ರವೇಶ ಮತ್ತು ಯೋಗ್ಯತೆಯ ಸಂಶಯ

ನೀಟ್ ಫಲಿತಾಂಶ ಪ್ರಕಟವಾಗಿ ಸೀಟು ಹಂಚಿಕೆ ನಡೆಯುವ ತಿಂಗಳುಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಒಂದು ಬಗೆಯ ರೋಗಿಗಳು ಬರುತ್ತಾರೆ. ವಯಸ್ಸು ಹದಿನೆಂಟೋ ಹತ್ತೊಂಬತ್ತೋ. ಹೇಳಿಕೊಳ್ಳುವ ತೊಂದರೆ ನಿದ್ರಾಹೀನತೆ, ಅರುಚಿ, ತಲೆನೋವು. ಜೊತೆಯಲ್ಲಿ ಬಂದ ತಂದೆಯೋ ತಾಯಿಯೋ ಬುದ್ಧಿ ಚುರುಕಾಗುವಂತಹ ಲೇಹ್ಯವೊಂದನ್ನು ಕೊಡಿರೆಂದು ಕೇಳುತ್ತಾರೆ.

ಕಳೆದ ವರ್ಷ ಶ್ರೀಮಠದ ಭಕ್ತರ ಮನೆಯ ತಾಯಿಯೊಬ್ಬರು ಮಗಳನ್ನು ಹೀಗೆಯೇ ಕರೆತಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇವೆ.) ಹುಡುಗಿ ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಕನ್ನಡ ಮಾಧ್ಯಮದವರಿಗೆಂದು ಇರುವ ಶೇಕಡ 5ರ ಮೀಸಲಾತಿಯಲ್ಲಿ ಆಕೆಗೆ ದಂತವೈದ್ಯ ಪದವಿಯ ಸೀಟು ದೊರೆತಿತ್ತು. ಕಾಲೇಜಿಗೆ ಹಾಜರಾಗಲು ಮೂರು ವಾರ ಉಳಿದಿತ್ತು.

“ಊರವರೆಲ್ಲ ಪೇಢೆ ತಿಂದು ಹೋದರು, ಇವಳು ಮಾತ್ರ ಊಟ ಬಿಟ್ಟು ಕುಳಿತಿದ್ದಾಳೆ ನೋಡಿರಿ” ಎಂದರು ತಾಯಿ.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಹೇಳಿದಳು: “ಸೀಟು ನನ್ನ ಬುದ್ಧಿಗೆ ಸಿಕ್ಕಿದ್ದಲ್ಲ ಡಾಕ್ಟರೇ, ಕೋಟಾಕ್ಕೆ ಸಿಕ್ಕಿದ್ದು. ಅಲ್ಲಿ ಹೋಗಿ ಫೇಲಾದರೆ ಅಪ್ಪನ ಸಾಲ ಯಾರು ತೀರಿಸುತ್ತಾರೆ?”

ಈ ಮಾತಿಗೆ ಲೇಹ್ಯವಿಲ್ಲ. ಚರಕ ಸಂಹಿತೆಯು ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ ಎಂಬ ನಾಲ್ಕನ್ನು ಮೇಧ್ಯ ರಸಾಯನಗಳೆಂದು ಹೇಳಿದೆ. ಅವುಗಳಲ್ಲಿ ನಮಗೆ ಗೌರವವುಂಟು. ಆದರೆ ಓದದ ಪಾಠವನ್ನು ತಲೆಗೆ ತುಂಬುವ ಅಥವಾ ಕಳೆದುಹೋದ ಧೈರ್ಯವನ್ನು ಎರಡು ವಾರದಲ್ಲಿ ಮರಳಿಸುವ ಔಷಧಿ ಯಾವ ಪದ್ಧತಿಯಲ್ಲಿಯೂ ಇಲ್ಲ. ಹಾಗೆ ಹೇಳಿ ಸೀಸೆ ಮಾರುವವರನ್ನು ಭಕ್ತರು ನಂಬಬಾರದೆಂದು ಸ್ಪಷ್ಟವಾಗಿಯೇ ಹೇಳುತ್ತೇವೆ.

ಆಯುರ್ವೇದವು ಬುದ್ಧಿಯನ್ನು ಧೀ, ಧೃತಿ, ಸ್ಮೃತಿ ಎಂದು ಬಿಡಿಸಿ ನೋಡುತ್ತದೆ. ಗ್ರಹಿಸುವುದು ಧೀ, ನೆನಪಿನಲ್ಲಿಡುವುದು ಸ್ಮೃತಿ, ಮನಸ್ಸನ್ನು ಹಿಡಿದು ನಿಲ್ಲಿಸುವುದು ಧೃತಿ. ಸಂಶಯಗ್ರಸ್ತ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಸಡಿಲವಾಗಿರುವುದು ಧೃತಿ. ಅವರಾದರೋ ತಮ್ಮ ಧೀಶಕ್ತಿಯೇ ಕಡಿಮೆಯೆಂದು ತಿಳಿದಿರುತ್ತಾರೆ. ಹುಡುಗಿಗೆ ಒಂದು ಹಾಳೆ ಕೊಟ್ಟು, ಭಯಗಳನ್ನೆಲ್ಲ ಒಂದೊಂದಾಗಿ ಬರೆಯಲು ಹೇಳಿದೆವು. ರ್‍ಯಾಂಕು, ಇಂಗ್ಲಿಷು, ಭೌತಶಾಸ್ತ್ರದ ಅಂಕ, ಕೈನಡುಕ, ಓದಿದ್ದು ತಲೆಯಲ್ಲಿ ನಿಲ್ಲದಿರುವುದು ಎಂದು ಐದು ಸಾಲು ಬರೆದಳು.

ಮೊದಲು ರ್‍ಯಾಂಕಿನ ಮಾತು. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360, ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರಕ್ಕೆ ತಲಾ 180. ಈ ಹುಡುಗಿಯ ಅಂಕಪಟ್ಟಿಯಲ್ಲಿ ಜೀವಶಾಸ್ತ್ರ ಚೆನ್ನಾಗಿಯೇ ಇತ್ತು. ರ್‍ಯಾಂಕನ್ನು ಕೆಳಗೆಳೆದದ್ದು ಭೌತಶಾಸ್ತ್ರ. ಆದರೆ ದಂತವೈದ್ಯದ ಮೊದಲ ವರ್ಷದಲ್ಲಿ ಭೌತಶಾಸ್ತ್ರವೆಂಬ ವಿಷಯವೇ ಇಲ್ಲ. ಶರೀರರಚನೆ, ಶರೀರಕ್ರಿಯೆ ಮತ್ತು ಜೀವರಸಾಯನ, ಹಲ್ಲಿನ ರಚನೆ ಮತ್ತು ಬಾಯಿಯ ಸೂಕ್ಷ್ಮರಚನೆ, ಇವೇ ಅಲ್ಲಿ ಮುಖ್ಯ. ಕ್ಷಕಿರಣದ ಪಾಠದಲ್ಲಿಯೂ ಹಲ್ಲು ತುಂಬುವ ದ್ರವ್ಯಗಳ ಪಾಠದಲ್ಲಿಯೂ ಭೌತಶಾಸ್ತ್ರದ ಸಂಗತಿಗಳು ಬರುತ್ತವೆ, ನಿಜ; ಆದರೆ ನೀಟ್ ಕೇಳುವಂತಹ ಲೆಕ್ಕಗಳನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಯಾರಿಗೆ ಮೊದಲು ಸೀಟು ಕೊಡಬೇಕೆಂಬ ಸರದಿಯನ್ನು ರ್‍ಯಾಂಕು ಹೇಳುತ್ತದೆ. ಯಾರು ಆ ವಿದ್ಯೆಯನ್ನು ಕಲಿಯಬಲ್ಲರು ಎಂಬುದನ್ನು ಹೇಳುವುದು ಅದರ ಕೆಲಸವಲ್ಲ.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡಲಾಗದು. ನೀಟ್‌ನಲ್ಲಿ ‘ಅರ್ಹತೆ’ ಪಡೆದ ಮಾತ್ರಕ್ಕೆ ಸಿದ್ಧತೆ ಮುಗಿಯಿತೆಂದು ಬೀಗುವ ಮನೆಗಳೂ ಇವೆ. ಸಾಮಾನ್ಯ ವರ್ಗದವರಿಗೆ ಬೇಕಾದ 50ನೆಯ ಪರ್ಸೆಂಟೈಲ್ ಎಂದರೆ ಅರ್ಧದಷ್ಟು ಅಂಕವೆಂದು ಅನೇಕರು ಭಾವಿಸಿದ್ದಾರೆ. ಅದು ಪರೀಕ್ಷೆ ಬರೆದವರ ಸಾಲಿನ ನಡುಭಾಗ, ಅಷ್ಟೇ. 2023ರಲ್ಲಿ ಆ ಗೆರೆ ಬಿದ್ದದ್ದು 720ಕ್ಕೆ 137ರಲ್ಲಿ. ಸೀಟುಗಳು ಖಾಲಿ ಉಳಿದಾಗ ಗೆರೆಯನ್ನೇ ಕೆಳಗಿಳಿಸಿದ್ದೂ ಉಂಟು. 2020-21ರ ದಂತವೈದ್ಯ ಪ್ರವೇಶಕ್ಕೆ ಹತ್ತು ಪರ್ಸೆಂಟೈಲ್ ಇಳಿಸುವಂತೆ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಆದೇಶಿಸಿತು. ಹೀಗಿರುವಾಗ ಸಿದ್ಧತೆಯನ್ನು ಬೇರೆ ರೀತಿಯಿಂದಲೇ ಅಳೆದುಕೊಳ್ಳಬೇಕಾಗುತ್ತದೆ.

ನಾವು ಹೇಳಿಕೊಟ್ಟ ಅಳತೆ ಸರಳವಾದುದು. ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ರಕ್ತಪರಿಚಲನೆಯ ಅಧ್ಯಾಯವನ್ನು ಓದಿ, ಪುಸ್ತಕ ಮುಚ್ಚಿ, ಹೃದಯದಿಂದ ಹೊರಟ ರಕ್ತ ಹೇಗೆ ಮರಳಿ ಹೃದಯಕ್ಕೆ ಬರುತ್ತದೆಂಬುದನ್ನು ತಾಯಿಗೆ ಕನ್ನಡದಲ್ಲಿ ಹೇಳಬೇಕು. ತಾಯಿಗೆ ಅರ್ಥವಾಗದಿದ್ದರೆ ಮಗಳಿಗೂ ಅರ್ಥವಾಗಿಲ್ಲವೆಂದು ತಿಳಿಯಬೇಕು. ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕು. ವ್ಯಾಕರಣ ತಪ್ಪಿದರೆ ಚಿಂತೆಯಿಲ್ಲ, ವಿಷಯ ತಪ್ಪಬಾರದು. ಹುಡುಗಿ ಕನ್ನಡದಲ್ಲಿ ತಡವರಿಸದೆ ಹೇಳಿದಳೆಂದೂ, ಇಂಗ್ಲಿಷಿನಲ್ಲಿ ಅರ್ಧ ಪುಟಕ್ಕೆ ನಿಂತಳೆಂದೂ ಮುಂದಿನ ವಾರ ತಿಳಿಯಿತು. ಹಾಗಾದರೆ ಕೊರತೆ ಇದ್ದದ್ದು ಭಾಷೆಯಲ್ಲಿ, ಬುದ್ಧಿಯಲ್ಲಲ್ಲ. ಭಾಷೆಯ ಕೊರತೆಯನ್ನು ದಿನಕ್ಕೊಂದು ಪುಟ ಬರೆದು ತುಂಬಿಕೊಳ್ಳಬಹುದು. ನಾವೂ ಸಂಸ್ಕೃತದ ಗಂಧವಿಲ್ಲದೆ ಆಯುರ್ವೇದ ಕಾಲೇಜು ಸೇರಿದವರು. ಮೊದಲ ವರ್ಷ ಅಷ್ಟಾಂಗಹೃದಯದ ಶ್ಲೋಕಗಳೆದುರು ಕಣ್ಣೀರು ಹಾಕಿದ್ದುಂಟು.

ಕೈನಡುಕದ ಭಯಕ್ಕೆ ನಮ್ಮ ಶಾಸ್ತ್ರದಲ್ಲಿಯೇ ಒಳ್ಳೆಯ ಉತ್ತರವಿದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ‘ಯೋಗ್ಯಾಸೂತ್ರೀಯ’ ಎಂದು ಹೆಸರು. ಯೋಗ್ಯತೆ ಎಂದರೆ ಹುಟ್ಟಿನಿಂದಲೇ ಇರುವ ಅಥವಾ ಇಲ್ಲದಿರುವ ಗುಣವೆಂದು ನಾವು ಮಾತಿನಲ್ಲಿ ಬಳಸುತ್ತೇವೆ. ಸುಶ್ರುತರ ‘ಯೋಗ್ಯಾ’ ಎಂಬ ಶಬ್ದಕ್ಕೆ ಅಭ್ಯಾಸ, ಅಂದರೆ ಕೈಪಳಗಿಸುವಿಕೆ ಎಂದು ಅರ್ಥ. ಶಾಸ್ತ್ರವನ್ನೆಲ್ಲ ಓದಿ ತಿಳಿದವನಾದರೂ ಅಭ್ಯಾಸ ಮಾಡದಿದ್ದರೆ ಶಸ್ತ್ರಕರ್ಮಕ್ಕೆ ತಕ್ಕವನಲ್ಲವೆಂಬುದು ಅವರ ಅಭಿಪ್ರಾಯ. ಅದಕ್ಕಾಗಿ ಶಿಷ್ಯನಿಗೆ ಅವರು ಮನುಷ್ಯದೇಹವನ್ನು ಕೊಡುವುದಿಲ್ಲ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಕಾಯಿಗಳ ಮೇಲೆ ಕಲಿಯಬೇಕು; ಹೊಲಿಯುವುದನ್ನು ಬಟ್ಟೆ ಮತ್ತು ಮೃದುವಾದ ಚರ್ಮದ ಮೇಲೆ; ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಮೇಲೆ. ಕೀಳುವುದನ್ನು ಹಲಸು, ಬಿಲ್ವದ ಕಾಯಿಯ ತಿರುಳಿನಲ್ಲಿಯೂ ಸತ್ತ ಪಶುಗಳ ಹಲ್ಲಿನಲ್ಲಿಯೂ ಅಭ್ಯಸಿಸಬೇಕೆಂದಿದೆ. ಹಲ್ಲು ಕೀಳುವ ವಿದ್ಯೆಗೆ ಇಷ್ಟು ಹಿಂದೆಯೇ ಪಾಠಕ್ರಮವಿದ್ದುದನ್ನು ಕೇಳಿ ಹುಡುಗಿ ಮೊದಲ ಬಾರಿ ನಕ್ಕಳು.

ಇಂದಿನ ದಂತವೈದ್ಯ ಕಾಲೇಜುಗಳು ನಡೆಯುವುದೂ ಇದೇ ದಾರಿಯಲ್ಲಿ. ಮೊದಲ ವರ್ಷದ ವಿದ್ಯಾರ್ಥಿಗಳು ಮೇಣದ ತುಂಡಿನಲ್ಲಿ ಹಲ್ಲುಗಳನ್ನು ಕೆತ್ತುತ್ತಾರೆ. ಎರಡನೆಯ ವರ್ಷದಲ್ಲಿ ಕೃತಕ ಮಾದರಿಗಳ ಮೇಲೆ ಕೊರೆದು ತುಂಬುವುದನ್ನು ಕಲಿಯುತ್ತಾರೆ. ರೋಗಿಯ ಬಾಯಿಗೆ ಕೈಹಾಕುವುದು ಅದರ ನಂತರ. ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಪ್ರವೇಶದ ದಿನವೇ ಪಳಗಿದ ಕೈ ಇರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಮನೆಯಲ್ಲಿ ಬಟ್ಟೆ ಸಾಬೂನಿನ ಬಾರು ತೆಗೆದುಕೊಂಡು, ಚಿತ್ರ ನೋಡಿ, ಕೆಳದವಡೆಯ ಮೊದಲನೆಯ ದವಡೆಹಲ್ಲನ್ನು ಕೆತ್ತಿ ತರಲು ಹೇಳಿದೆವು. ಆ ಹಲ್ಲಿಗೆ ಮೇಲ್ಗಡೆ ಐದು ಉಬ್ಬುಗಳಿರುತ್ತವೆ. ಕೆತ್ತಿದವರಿಗೆ ಅದು ಮರೆಯುವುದಿಲ್ಲ.

ಐದನೆಯ ಸಾಲು, ಓದಿದ್ದು ನಿಲ್ಲುವುದಿಲ್ಲ ಎಂಬುದು, ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿತ್ತು. ಮೆಟ್ಟಿಲೇರಿದರೆ ಏದುಸಿರು ಬರುತ್ತದೆಂದಳು. ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6 ಗ್ರಾಂ ಬಂತು. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅದು 12ಕ್ಕಿಂತ ಕಡಿಮೆಯಿರಬಾರದು. ಪಾಂಡುರೋಗ ಇರುವವರಿಗೆ ಏಕಾಗ್ರತೆ ಕುಗ್ಗುತ್ತದೆ, ಬೇಗ ದಣಿವಾಗುತ್ತದೆ, ಎದೆ ಡವಡವಿಸುತ್ತದೆ. ಪಾಪ, ಈ ಮಗು ಅದನ್ನೆಲ್ಲ ತನ್ನ ದಡ್ಡತನವೆಂದು ಎರಡು ವರ್ಷ ನಂಬಿಕೊಂಡಿತ್ತು. ಕೋಚಿಂಗಿನ ಹಾಸ್ಟೆಲಿನಲ್ಲಿ ಬೆಳಗಿನ ಉಪಾಹಾರ ಬಿಟ್ಟು ಮೂರು ಹೊತ್ತು ಚಹಾ ಕುಡಿದದ್ದು ಕಾರಣಗಳಲ್ಲೊಂದು. ಊಟದ ಜೊತೆ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಮಾಸಿಕ ಸ್ರಾವ ಅಧಿಕವಿದೆಯೇ ಎಂದು ಕೇಳಿ ತಿಳಿದು, ಪುನರ್ನವಾ ಮಂಡೂರದೊಂದಿಗೆ ಕಬ್ಬಿಣದ ಮಾತ್ರೆಯನ್ನೂ ಕೊಟ್ಟು, ಸೊಪ್ಪು, ಕಾಳು, ನಿಂಬೆರಸ ಹೆಚ್ಚಿಸಲು ಹೇಳಿದೆವು. ಮಗ ಅಥವಾ ಮಗಳು ಓದಿನಲ್ಲಿ ಹಿಂದೆ ಬಿದ್ದರೆಂದು ಬೈಯುವ ಮುನ್ನ ರಕ್ತವನ್ನೊಮ್ಮೆ ಪರೀಕ್ಷಿಸಿರೆಂದು ತಂದೆತಾಯಂದಿರಲ್ಲಿ ನಮ್ಮ ಕಳಕಳಿಯ ವಿನಂತಿ.

ಬೆಳಗ್ಗೆ ಏಳುವಾಗ ದವಡೆ ನೋಯುತ್ತದೆಂದೂ ಹುಡುಗಿ ಹೇಳಿದ್ದಳು. ಚಿಂತೆಯಲ್ಲಿ ಮಲಗಿದವರು ನಿದ್ರೆಯಲ್ಲಿ ಹಲ್ಲು ಕಡಿಯುವುದುಂಟು. ಹಲ್ಲು ಸವೆದಿದ್ದರೆ ದಂತವೈದ್ಯರಿಗೇ ತೋರಿಸಬೇಕು. ಅದರೊಡನೆ ಮಲಗುವ ಮುನ್ನ ಪಾದಗಳಿಗೆ ಎಳ್ಳೆಣ್ಣೆಯ ಅಭ್ಯಂಗ, ಬೆಳಗ್ಗೆ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದು ಉಗುಳುವ ಗಂಡೂಷ ಹಿತಕರ. ಅದು ದವಡೆಗೆ ಬಲ ನೀಡುತ್ತದೆಂದು ಚರಕರು ಹೇಳಿದ್ದಾರೆ. ರಾತ್ರಿ ಜಾಗರಣೆ ವಾತವನ್ನು ಕೆರಳಿಸುತ್ತದೆ. ಓದಿದ್ದು ನೆನಪಾಗಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ ಎಂದು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಇಷ್ಟಲಿಂಗ ಪೂಜೆಯ ಅಭ್ಯಾಸವಿದ್ದ ಮನೆಯವಳಾದ್ದರಿಂದ, ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸುವ ಆ ಹೊತ್ತನ್ನು ಪರೀಕ್ಷೆಯ ನೆಪದಲ್ಲಿ ಬಿಡಬಾರದೆಂದೆವು. ಧೃತಿಗೆ ಅದಕ್ಕಿಂತ ಹತ್ತಿರದ ಸಾಧನೆ ನಮಗೆ ತಿಳಿಯದು.

ಎಲ್ಲರ ಸಂಶಯವೂ ಸುಳ್ಳಾಗಿರುವುದಿಲ್ಲ. ಮೂರನೆಯ ಬಾರಿ ಲಾಂಗ್ ಟರ್ಮ್ ಕೋಚಿಂಗಿಗೆ ಹೊರಟಿದ್ದ ಯುವಕನೊಬ್ಬ, ಬಾಯೊಳಗೆ ನೋಡುವುದೆಂದರೆ ತನಗೆ ಹೇಸಿಗೆ, ಎಂಬಿಬಿಎಸ್ ಸಿಗದ ಕಾರಣ ಅಪ್ಪ ಇದನ್ನಾದರೂ ಮಾಡೆಂದರು ಎಂದು ಹೇಳಿದ. ಅವನಿಗೆ ಔಷಧಿ ಕೊಡದೆ ತಂದೆಯವರನ್ನು ಕರೆಸಿ ಮಾತನಾಡಿದೆವು. ನೀಟ್ ಬರೆಯಲು ಈಗ ಗರಿಷ್ಠ ವಯೋಮಿತಿಯಿಲ್ಲ, ಎಷ್ಟು ಬಾರಿ ಎಂಬ ಮಿತಿಯೂ ಇಲ್ಲ. ಆದ್ದರಿಂದ ಸಾಕೆಂಬ ಮಾತನ್ನು ಮನೆಯವರೇ ಹೇಳಬೇಕು. ರಸಾಯನಶಾಸ್ತ್ರದ ಇಂತಿಂಥ ಪಾಠ ಬಾರದು ಎಂದು ಬೆರಳಿಟ್ಟು ತೋರಿಸಬಲ್ಲವರಿಗೆ ಒಂದು ವರ್ಷ ನಿಲ್ಲುವುದರಲ್ಲಿ ಅರ್ಥವಿದೆ. ಸುಮ್ಮನೆ ‘ಇನ್ನೊಮ್ಮೆ ನೋಡೋಣ’ ಎನ್ನುವವರಿಗೆ ಇಲ್ಲವೆಂಬುದು ನಮ್ಮ ಅನುಭವ.

ಮಗು ಮಾತು ಬಿಟ್ಟು ಕೋಣೆ ಸೇರಿದರೆ, ಬದುಕಿ ಫಲವೇನು ಎಂಬಂತಹ ಮಾತು ಒಮ್ಮೆ ಆಡಿದರೂ, ಅದನ್ನು ವಯಸ್ಸಿನ ಹುಡುಗಾಟವೆಂದು ಬಿಡಬಾರದು. ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು; ಒಬ್ಬರನ್ನೇ ಬಿಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆ ಹುಡುಗಿ ಮೂರನೆಯ ವಾರ ಬಂದಾಗ ಕಾಗದದಲ್ಲಿ ಸುತ್ತಿದ ನಾಲ್ಕು ಸಾಬೂನಿನ ಹಲ್ಲುಗಳನ್ನು ಮೇಜಿನ ಮೇಲಿಟ್ಟಳು. ಮೊದಲನೆಯದು ಹುಣಸೆಬೀಜದಂತಿತ್ತು, ನಾಲ್ಕನೆಯದರಲ್ಲಿ ಐದೂ ಉಬ್ಬುಗಳಿದ್ದವು. “ಐದನೆಯದೂ ಇತ್ತು ಡಾಕ್ಟರೇ, ಅವ್ವ ಗೊತ್ತಿಲ್ಲದೆ ಅದರಲ್ಲಿ ಬಟ್ಟೆ ಒಗೆದುಬಿಟ್ಟಳು” ಎಂದಳು. ಊಟ ಸರಿಹೋಗಿತ್ತು, ನಿದ್ರೆ ಆರು ಗಂಟೆಗೆ ಬಂದಿತ್ತು. ಹಿಮೋಗ್ಲೋಬಿನ್ ಏರಲು ಇನ್ನೂ ಎರಡು ಮೂರು ತಿಂಗಳು ಬೇಕು, ಹಾಸ್ಟೆಲಿನಲ್ಲಿಯೂ ಮಾತ್ರೆ ತಪ್ಪಿಸಬೇಡ ಎಂದು ಚೀಟಿಯಲ್ಲಿ ಬರೆದುಕೊಟ್ಟೆವು. ಮರುದಿನ ಬೆಳಗಿನ ಬಸ್ಸಿಗೆ ತಂದೆ ಮಗಳು ಕಾಲೇಜಿಗೆ ಹೊರಟರು.